ಚಾಪೆಯ ಮೇಲಣ ಗಾಲ್ಫ್ ಚೆಂಡು

ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ ವ್ಯಾಸಂಗ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಂದ ಕಳೆದ ಬೇಸಗೆಯಲ್ಲಿ ನಮಗೊಂದು ಪತ್ರ ಬಂದಿತು. ಕುಶಲಪ್ರಶ್ನೆಗಳು ಮುಗಿದ ಮೇಲೆ ಅವನು ತನ್ನ ದುಃಖವನ್ನು ತೋಡಿಕೊಂಡಿದ್ದನು. ಆ ಊರಿನಲ್ಲಿ ನವೆಂಬರಿನಿಂದ ಮಾರ್ಚಿಯವರೆಗೆ ನೆಲವೆಲ್ಲ ಹಿಮದಿಂದ ಮುಚ್ಚಿರುತ್ತದೆ. ಹೊಸದಾಗಿ ಗಾಲ್ಫ್ ಆಟವನ್ನು ಹಚ್ಚಿಕೊಂಡಿದ್ದ ಅವನು, ಬಯಲಿಗೆ ಹೋಗಲಾರದೆ, ಛಾವಣಿಯ ಕೆಳಗೆ ಹಾಸಿದ ಕೃತಕ ಹುಲ್ಲಿನ ಚಾಪೆಯ ಮೇಲೆ ನಾಲ್ಕು ತಿಂಗಳು ಬಿಡದೆ ಅಭ್ಯಾಸಮಾಡಿದನು. ಫೆಬ್ರವರಿಯ ಹೊತ್ತಿಗೆ ಹತ್ತರಲ್ಲಿ ಎಂಟು ಹೊಡೆತಗಳು ಸೊಗಸಾಗಿ ಹೋಗತೊಡಗಿದುವು. ಹಿಮ ಕರಗಿ ಮೇ ತಿಂಗಳಲ್ಲಿ ಮೊದಲಬಾರಿಗೆ ನಿಜವಾದ ಹುಲ್ಲಿನ ಮೇಲೆ ನಿಂತು ಹೊಡೆದಾಗ ಚೆಂಡು ಇಪ್ಪತ್ತು ಮೀಟರು ಉರುಳಿ ನಿಂತಿತು. ಹಿಂದೆ ಮಣ್ಣಿನ ದೊಡ್ಡ ಹೆಂಟೆಯೊಂದು ಎದ್ದು ಬಂದಿತ್ತು. ಮುಂದಿನ ಹೊಡೆತವೂ ಹಾಗೆಯೇ. ಸಾಲದುದಕ್ಕೆ ಎಡಗೈಯ ಮಣಿಕಟ್ಟಿನಲ್ಲಿ ಚಳಿಗಾಲದಿಂದಲೇ ಒಂದು ನೋವು ಸೇರಿಕೊಂಡಿತ್ತು. "ಗುರುಗಳೇ, ಫೆಬ್ರವರಿಯಲ್ಲಿ ಬಂದಿದ್ದ ವಿದ್ಯೆ ಮೇ ತಿಂಗಳಲ್ಲಿ ಎಲ್ಲಿ ಹೋಯಿತು?" ಎಂಬುದು ಅವನ ಪ್ರಶ್ನೆ.

ನಾವು ಗಾಲ್ಫ್ ಆಟಗಾರರಲ್ಲ. ಆ ಕೋಲನ್ನು ಕೈಯಲ್ಲಿ ಹಿಡಿದದ್ದು ಒಮ್ಮೆಯೋ ಎರಡು ಬಾರಿಯೋ. ಆದರೂ ಪತ್ರವನ್ನು ಎರಡು ಸಲ ಓದಿದ ಮೇಲೆ ಇದು ಆಟದ ಪ್ರಶ್ನೆ ಎಷ್ಟೋ ಯಂತ್ರಶಾಸ್ತ್ರದ ಪ್ರಶ್ನೆಯೂ ಅಷ್ಟೇ ಎಂದು ನಮಗೆ ತೋರಿತು. ವಿದ್ಯೆ ಎಲ್ಲಿಗೂ ಹೋಗಿರಲಿಲ್ಲ. ಫೆಬ್ರವರಿಯಲ್ಲಿಯೂ ಅದು ಬಂದಿರಲಿಲ್ಲ. ಬಂದಿದೆಯೆಂದು ಚಾಪೆ ಅವನಿಗೆ ಹೇಳಿತ್ತು, ಅಷ್ಟೆ.

ಗಾಲ್ಫ್ ಚೆಂಡನ್ನು ವಿಜ್ಞಾನಿಗಳು ಕಡೆಗಣಿಸಿದವರಲ್ಲ. ಎಡಿನ್‌ಬರೋದ ಭೌತವಿಜ್ಞಾನಿ ಪೀಟರ್ ಗತ್ರೀ ಟೇಟ್ 1890ರ ದಶಕದಲ್ಲಿ, ಚೆಂಡು ಅಷ್ಟು ದೂರ ಹಾರುವುದಕ್ಕೆ ಅದರ ಹಿಮ್ಮೊಗದ ತಿರುಗುವಿಕೆಯೇ ಕಾರಣವೆಂದು ತೋರಿಸಿಕೊಟ್ಟನು. ಅವನ ಮಗ ಫ್ರೆಡರಿಕ್ 1896ರಲ್ಲಿಯೂ 1898ರಲ್ಲಿಯೂ ಬ್ರಿಟನ್ನಿನ ಹವ್ಯಾಸಿ ಚಾಂಪಿಯನ್ ಆದವನು. ತಂದೆಗೆ ಮನೆಯಲ್ಲಿಯೇ ಪ್ರಯೋಗಸಾಮಗ್ರಿ ದೊರೆತಂತಾಯಿತು! ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ 1910ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಗಾಲ್ಫ್ ಚೆಂಡಿನ ಚಲನೆಯನ್ನೇ ವಿಷಯವಾಗಿಟ್ಟುಕೊಂಡು ಉಪನ್ಯಾಸ ಮಾಡಿದನು. ಕೋಲು, ಕೈ, ಚೆಂಡು ಇವುಗಳ ಪರಸ್ಪರ ವ್ಯಾಪಾರವನ್ನು ಕುರಿತು ಬ್ರಿಟನ್ನಿನಲ್ಲಿ ನಡೆದ ದೀರ್ಘ ಸಂಶೋಧನೆಯ ಫಲವನ್ನು ಕಾಕ್ರನ್ ಮತ್ತು ಸ್ಟಾಬ್ಸ್ ಎಂಬವರು 1968ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ನಮ್ಮ ವಿದ್ಯಾರ್ಥಿಯ ಪ್ರಶ್ನೆಗಾದರೋ ಇಷ್ಟು ದೂರ ಹೋಗಬೇಕಾದದ್ದಿಲ್ಲ. ಪ್ರೌಢಶಾಲೆಯ ರೇಖಾಗಣಿತವೂ ಸಂವೇಗದ ನಿಯಮವೂ ಸಾಕು.

ಮೊದಲು ಹೊಡೆತದ ಸ್ವರೂಪವನ್ನು ನೋಡೋಣ. ನೆಲದ ಮೇಲೆ ಕುಳಿತ ಚೆಂಡನ್ನು ಹೊಡೆಯಲು ಬಳಸುವ ಕೋಲುಗಳಿಗೆ ಐರನ್ ಎಂದು ಹೆಸರು. ಅದರ ತುದಿಯಲ್ಲಿ ಓರೆಯಾದ ಮುಖವುಳ್ಳ ಉಕ್ಕಿನ ತಲೆಯಿರುತ್ತದೆ. ಏಳನೆಯ ನಂಬರಿನ ಐರನ್ನಿನಲ್ಲಿ ಆ ತಲೆಯ ತೂಕ ಸುಮಾರು 270 ಗ್ರಾಂ. ಚೆಂಡಿನ ತೂಕ ನಿಯಮದಂತೆ 45.93 ಗ್ರಾಮಿಗೆ ಮೀರಕೂಡದು; ವ್ಯಾಸ 42.67 ಮಿಲಿಮೀಟರಿಗೆ ಕಡಮೆಯಿರಕೂಡದು. ಸಾಧಾರಣ ಆಟಗಾರನ ಕೈಯಲ್ಲಿ ಕೋಲಿನ ತಲೆ ಸೆಕೆಂಡಿಗೆ ಸುಮಾರು 35 ಮೀಟರು ವೇಗದಿಂದ, ಎಂದರೆ ಗಂಟೆಗೆ 126 ಕಿಲೋಮೀಟರು ವೇಗದಿಂದ, ಚೆಂಡಿನ ಮೇಲೆ ಬೀಳುತ್ತದೆ. ಎರಡೂ ಒಂದನ್ನೊಂದು ತಗುಲಿಕೊಂಡಿರುವ ಕಾಲ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಅಷ್ಟರಲ್ಲಿ ಕೋಲಿನ ತಲೆ ಒಂದೂವರೆ ಸೆಂಟಿಮೀಟರು ಮುಂದುವರಿದಿರುತ್ತದೆ; ಚೆಂಡು ಸೆಕೆಂಡಿಗೆ 45 ಮೀಟರಿಗಿಂತ ಹೆಚ್ಚಿನ ವೇಗವನ್ನು ಪಡೆದು ಹೊರಟುಬಿಟ್ಟಿರುತ್ತದೆ. ಈ ಅಲ್ಪಕಾಲದಲ್ಲಿ ಚೆಂಡಿನ ಮೇಲೆ ಬೀಳುವ ಸರಾಸರಿ ಬಲವನ್ನು ವಾಚಕರು ತಾವೇ ಲೆಕ್ಕಹಾಕಬಹುದು. ಅದು ನಾನೂರು ಕಿಲೋಗ್ರಾಂ ಭಾರಕ್ಕೂ ಮಿಕ್ಕಿರುತ್ತದೆ.

ಗಾಲ್ಫ್ ಬಲ್ಲವರು ಹೊಸಬನಿಗೆ ಮೊದಲು ಹೇಳುವ ಮಾತು ಒಂದುಂಟು: ಮೊದಲು ಚೆಂಡು, ಆಮೇಲೆ ನೆಲ. ಐರನ್ ಕೋಲು ಚೆಂಡನ್ನು ತಗಲುವಾಗ ಇನ್ನೂ ಕೆಳಗಿಳಿಯುತ್ತಲೇ ಇರಬೇಕು. ಅದರ ದಾರಿಯ ಅತ್ಯಂತ ತಗ್ಗಾದ ಬಿಂದು ಚೆಂಡಿಗಿಂತ ಮುಂದೆ, ಸುಮಾರು ನಾಲ್ಕು ಅಂಗುಲದಾಚೆ, ಇರಬೇಕು. ಮೇಲೆತ್ತಬೇಕಾದ ಚೆಂಡನ್ನು ಕೆಳಮುಖವಾಗಿ ಹೊಡೆಯುವುದು ವಿಚಿತ್ರವಾಗಿ ತೋರಬಹುದು. ಆದರೆ ಚೆಂಡನ್ನು ಮೇಲೆತ್ತುವ ಕೆಲಸವನ್ನು ಕೋಲಿನ ಮುಖದ ಓರೆಯೇ ಮಾಡುತ್ತದೆ; ಆಟಗಾರನು ಅದಕ್ಕೆ ಸಹಾಯಮಾಡಬೇಕಾದದ್ದಿಲ್ಲ. ಸಹಾಯಮಾಡಲು ಹೋದವನೇ ಕೆಡುತ್ತಾನೆ.

ಇದರ ರೇಖಾಗಣಿತ ಬಹು ಸರಳ. ಕೈಯೂ ಕೋಲೂ ಸೇರಿ ಸುಮಾರು ಒಂದೂವರೆ ಮೀಟರು ತ್ರಿಜ್ಯದ ವೃತ್ತವನ್ನು ರಚಿಸುತ್ತವೆಯೆಂದಿಟ್ಟುಕೊಳ್ಳೋಣ. ವೃತ್ತದ ತಳಬಿಂದು ಚೆಂಡಿನಿಂದ 10 ಸೆಂಟಿಮೀಟರು ಮುಂದಿದ್ದರೆ, ಚೆಂಡಿನ ಬಳಿ ಕೋಲು ಇಳಿಯುವ ಕೋನ ಸುಮಾರು 4 ಡಿಗ್ರಿ. ಚೆಂಡಿನ ಬುಡದಲ್ಲಿ ನೆಲವನ್ನು ಮುಟ್ಟಿದ ಕೋಲು ಅಲ್ಲಿಂದ ತಳಬಿಂದುವಿಗೆ ಹೋಗುವಷ್ಟರಲ್ಲಿ ಇಳಿಯುವ ಆಳ, 10ರ ವರ್ಗವನ್ನು ವ್ಯಾಸವಾದ 300ರಿಂದ ಭಾಗಿಸಿದಷ್ಟು, ಎಂದರೆ ಸೆಂಟಿಮೀಟರಿನ ಮೂರರಲ್ಲೊಂದು ಪಾಲು. ವಾಸ್ತವದಲ್ಲಿ ಈ ವೃತ್ತ ನೆಟ್ಟಗೆ ನಿಲ್ಲದೆ ಓರೆಯಾಗಿರುತ್ತದೆ; ಲೆಕ್ಕ ಸ್ವಲ್ಪ ಹೆಚ್ಚುಕಡಮೆಯಾದೀತು. ಆದರೂ ಇಂದು ರಾಡಾರ್ ಉಪಕರಣಗಳಿಂದ ನುರಿತ ಆಟಗಾರರ ಹೊಡೆತವನ್ನು ಅಳೆದವರು ಕಂಡದ್ದೂ ಇದೇ ನಾಲ್ಕು ಡಿಗ್ರಿಯ ಆಸುಪಾಸು. ಒಳ್ಳೆಯ ಆಟಗಾರನು ಹೊಡೆದ ಮೇಲೆ ಚೆಂಡಿದ್ದ ಜಾಗಕ್ಕಿಂತ ಮುಂದೆ ಹುಲ್ಲಿನ ಒಂದು ತೆಳುವಾದ ಸಿಪ್ಪೆ ಎದ್ದಿರುವುದು ಇದರಿಂದಲೇ.

ಈಗ ಹೊಸಬನ ಹೊಡೆತವನ್ನು ತೆಗೆದುಕೊಳ್ಳೋಣ. ಅವನ ವೃತ್ತವೂ ಅಷ್ಟೇ ದೊಡ್ಡದು, ಅಷ್ಟೇ ಆಳಕ್ಕೆ ಇಳಿಯುವಂಥದು. ಆದರೆ ತಳಬಿಂದು ಮುಂದಿರುವುದಕ್ಕೆ ಬದಲಾಗಿ ಸರಿಯಾಗಿ ಚೆಂಡಿನ ಕೆಳಗೆ ಬಂದಿದೆ. ತಪ್ಪು ನಾಲ್ಕೇ ಅಂಗುಲ. ಪರಿಣಾಮವೇನು? ಕೋಲು ಚೆಂಡಿಗಿಂತ 10 ಸೆಂಟಿಮೀಟರು ಹಿಂದೆಯೇ ನೆಲವನ್ನು ಹೊಗುತ್ತದೆ. ನೆಲ ಹುಲ್ಲಿನದಾಗಿದ್ದರೆ ಬೇರು, ಮಣ್ಣು, ತೇವ ಇವೆಲ್ಲವನ್ನೂ ಸೀಳಿಕೊಂಡು ಅದು ಚೆಂಡನ್ನು ತಲಪಬೇಕು. ಆ ಮಣ್ಣನ್ನೂ ಚಲಿಸುವಂತೆ ಮಾಡಬೇಕಾದ್ದರಿಂದ ಕೋಲು ತನ್ನ ಸಂವೇಗದಲ್ಲಿ ಪಾಲುಕೊಡುತ್ತದೆ. ವೇಗ 35ರಿಂದ 28ಕ್ಕೆ ಇಳಿಯಿತೆನ್ನಿ. ಚೆಂಡಿನ ವೇಗವೂ ಅದೇ ಪ್ರಮಾಣದಲ್ಲಿ, ಐದರಲ್ಲೊಂದು ಭಾಗ, ಕುಗ್ಗುತ್ತದೆ. ಗಾಳಿಯನ್ನು ಗಣನೆಗೆ ತಾರದೆ ನೋಡಿದರೆ ಹಾರುವ ದೂರ ವೇಗದ ವರ್ಗವನ್ನು ಅನುಸರಿಸುವುದರಿಂದ, 150 ಮೀಟರು ಹೋಗಬೇಕಾದ ಚೆಂಡು 96 ಮೀಟರಿಗೇ ಬೀಳಬೇಕು. ಗಾಳಿಯ ತಡೆ ವೇಗದ ಚೆಂಡಿಗೇ ಹೆಚ್ಚಾದ್ದರಿಂದ ನಿಜವಾಗಿ ನಷ್ಟ ಇಷ್ಟಿರಲಾರದು. ಆದರೆ ಕೋಲಿನ ಮುಖಕ್ಕೂ ಚೆಂಡಿಗೂ ನಡುವೆ ಮಣ್ಣು ಹುಲ್ಲು ಸಿಕ್ಕಿಕೊಂಡು, ಟೇಟ್ ಹೇಳಿದ ಆ ಹಿಮ್ಮೊಗದ ತಿರುಗುವಿಕೆಯೂ ಕೆಡುತ್ತದೆ. ಅಂತೂ ತಪ್ಪಿಗೆ ದಂಡ ಆ ಕ್ಷಣವೇ, ಕಣ್ಣೆದುರಿಗೇ ಸಿಕ್ಕುತ್ತದೆ. ಆಟಗಾರರು ಇಂಥದನ್ನು ಫ್ಯಾಟ್ ಹೊಡೆತವೆನ್ನುತ್ತಾರೆ.

ಅದೇ ತಪ್ಪನ್ನು ಚಾಪೆಯ ಮೇಲೆ ಮಾಡಿದರೆ? ನೈಲಾನಿನ ಗಿಡ್ಡ ಎಳೆಗಳು, ಅವುಗಳ ಕೆಳಗೆ ರಬ್ಬರಿನ ಅಥವಾ ಸ್ಪಂಜಿನಂಥ ಒಂದು ಪದರ, ಅದರ ಕೆಳಗೆ ಕಾಂಕ್ರೀಟು. ಕೋಲಿಗೆ ಒಳಹೋಗಲು ಎಡೆಯೇ ಇಲ್ಲ. ಎಳೆಗಳು ನುಣುಪಾದುವು, ಕೋಲಿನ ತಳವೂ ನುಣುಪಾದುದು, ಮೇಲಾಗಿ ಹಿಂಬದಿಗೆ ತುಸು ಉಬ್ಬಿರುವುದು. ಈ ಉಬ್ಬನ್ನು ಬೇಕೆಂದೇ ಇಡುತ್ತಾರೆ. ಅಮೆರಿಕದ ಜೀನ್ ಸರಾಜೆನ್ ಮರಳಿನಲ್ಲಿ ಹೂತ ಚೆಂಡನ್ನು ಎಬ್ಬಿಸಲು ಇಂಥ ಉಬ್ಬುತಳದ ಕೋಲನ್ನು ರೂಪಿಸಿಕೊಂಡು 1932ರಲ್ಲಿ ಬ್ರಿಟನ್ನಿನ ಓಪನ್ ಪಂದ್ಯವನ್ನೇ ಗೆದ್ದನು. ಮರಳಿನಲ್ಲಿ ಕೋಲು ಹೂತುಹೋಗದಂತೆ ಕಾಯುವ ಆ ಗುಣವೇ ಚಾಪೆಯ ಮೇಲೆ ತಪ್ಪನ್ನು ಕಾಯುತ್ತದೆ. ಹತ್ತು ಸೆಂಟಿಮೀಟರು ಹಿಂದೆ ಬಿದ್ದ ಕೋಲು ಚಾಪೆಯ ಮೇಲೆ ಜಾರುತ್ತದೆ, ಕೊಂಚ ಪುಟಿಯುತ್ತದೆ. ಮಣಿಕಟ್ಟೂ ಮೊಣಕೈಯೂ ಬಗ್ಗಿ ಅದಕ್ಕೆ ದಾರಿಮಾಡಿಕೊಡುತ್ತವೆ. ವೇಗವನ್ನು ಹೆಚ್ಚಾಗಿ ಕಳೆದುಕೊಳ್ಳದೆಯೇ ಅದು ಚೆಂಡನ್ನು ಮುಟ್ಟುತ್ತದೆ. ಚೆಂಡು ಹಾರುತ್ತದೆ. ಆಟಗಾರನು ಹಿಗ್ಗುತ್ತಾನೆ.

ಹೊಡೆದವನಿಗೆ ತನ್ನ ತಪ್ಪು ಕೈಯಲ್ಲಾದರೂ ಕಿವಿಯಲ್ಲಾದರೂ ತಿಳಿಯಬಾರದೇಕೆ ಎಂದು ಕೇಳಬಹುದು. ಕೋಲು ಚೆಂಡಿಗಿಂತ 5 ಸೆಂಟಿಮೀಟರು ಹಿಂದೆ ಚಾಪೆಗೆ ತಗುಲಿದರೆ, ಅಲ್ಲಿಂದ ಚೆಂಡನ್ನು ತಲಪಲು ಅದಕ್ಕೆ ಬೇಕಾದ ಕಾಲ ಸೆಕೆಂಡಿನ ಸಾವಿರದಲ್ಲಿ ಒಂದೂವರೆ ಭಾಗಕ್ಕಿಂತಲೂ ಕಡಮೆ. ಒಂದರ ಹಿಂದೊಂದು ಬರುವ ಎರಡು ಸದ್ದುಗಳನ್ನು ಬೇರೆಬೇರೆಯಾಗಿ ಗುರುತಿಸಲು ನಮ್ಮ ಕಿವಿಗೆ ಸಾಮಾನ್ಯವಾಗಿ ಸಾವಿರದಲ್ಲಿ ಎರಡು ಮೂರು ಭಾಗದಷ್ಟಾದರೂ ಬಿಡುವು ಬೇಕು. ಆದಕಾರಣ ಎರಡೂ ಕೂಡಿ ಒಂದೇ ಸದ್ದಾಗಿ ಕೇಳುತ್ತದೆ. ಕೈಯ ಮಾತಂತೂ ಬೇಡ. ಸುದ್ದಿ ನರಗಳ ಮೂಲಕ ಮಿದುಳನ್ನು ಸೇರುವಷ್ಟರಲ್ಲಿ ಚೆಂಡು ಗಾಳಿಯಲ್ಲಿರುತ್ತದೆ. ಉಳಿದದ್ದು ಕಣ್ಣು. ಅದು ಚೆಂಡು ಹೋದ ದಾರಿಯನ್ನು ನೋಡುತ್ತದೆಯೇ ಹೊರತು ಚಾಪೆಯನ್ನು ನೋಡುವುದಿಲ್ಲ. ನೋಡಿದರೂ ಫಲವಿಲ್ಲ, ಏಕೆಂದರೆ ಹುಲ್ಲುನೆಲದಂತೆ ಚಾಪೆ ತನ್ನ ಮೇಲೆ ಗಾಯವನ್ನು ಉಳಿಸಿಕೊಳ್ಳುವುದಿಲ್ಲ. ಚೆಂಡಿನ ವೇಗವನ್ನೂ ಕೋನವನ್ನೂ ತೆರೆಯ ಮೇಲೆ ಅಂಕಿಗಳಲ್ಲಿ ತೋರಿಸುವ ಯಂತ್ರಗಳೂ ಈಗ ಅಭ್ಯಾಸಗೃಹಗಳಲ್ಲಿ ಉಂಟು. ಅವು ಅಳೆಯುವುದು ಚಾಪೆಯ ಮೇಲೆ ಆದದ್ದನ್ನೇ; ಹುಲ್ಲಿನ ಮೇಲೆ ಏನಾಗುತ್ತಿತ್ತೆಂಬುದನ್ನಲ್ಲ.

ಈ ವಿಷಯವನ್ನು ನಂಬದವರು ತಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ಚಪ್ಪಟೆಯಾದ ಕಬ್ಬಿಣದ ತುಂಡೊಂದನ್ನು, ಕಾಲು ಕಿಲೋಗ್ರಾಮಿನದಾದರೆ ಸಾಕು, ಒಂದು ಮೀಟರು ಉದ್ದದ ಎರಡು ದಾರಗಳಿಂದ ತೊಟ್ಟಿಲಿನಂತೆ ತೂಗುಹಾಕಬೇಕು. ಅದರ ಕೆಳಗೆ ಒದ್ದೆಮರಳನ್ನು ಒತ್ತಿ ತುಂಬಿದ ಉದ್ದನೆಯ ತಗಡಿನ ತಟ್ಟೆಯನ್ನಿಟ್ಟು, ಕಬ್ಬಿಣದ ತಳ ಮರಳಿನ ಮಟ್ಟಕ್ಕಿಂತ 3 ಮಿಲಿಮೀಟರು ಕೆಳಗೆ ಬರುವಂತೆ ಹೊಂದಿಸಬೇಕು. ತೂಗಿಬಿಟ್ಟಾಗ ಕಬ್ಬಿಣ ತನ್ನ ತಳಬಿಂದುವಿಗೆ ಸುಮಾರು 8 ಸೆಂಟಿಮೀಟರು ಮೊದಲೇ ಮರಳನ್ನು ಮುಟ್ಟುತ್ತದೆ. ಒಂದು ಗೋಲಿಯನ್ನು ಸರಿಯಾಗಿ ಆ ಮುಟ್ಟುವ ಜಾಗದಲ್ಲಿಟ್ಟು ಹೊಡೆಯಿರಿ. ಅದು ಚಿಮ್ಮಿ ಹೋಗುತ್ತದೆ. ಮರಳನ್ನು ಸಮಮಾಡಿ, ಈ ಸಲ ಗೋಲಿಯನ್ನು ತಳಬಿಂದುವಿನ ಆಚೆಗೆ ಎರಡು ಸೆಂಟಿಮೀಟರು ಸರಿಸಿಡಿ. ಕಬ್ಬಿಣ ಮರಳನ್ನು ಉತ್ತುಕೊಂಡು ಬರುತ್ತದೆ. ಗೋಲಿ ಒಲ್ಲದ ಮನಸ್ಸಿನಿಂದ ಅಲುಗಾಡುತ್ತದೆ. ಈಗ ಮರಳಿನ ತಟ್ಟೆಯನ್ನು ತೆಗೆದು, ಅದೇ ಎತ್ತರಕ್ಕೆ ಬರುವಂತೆ ಕಲ್ಲುಚಪ್ಪಡಿಯ ಮೇಲೆ ಒಂದು ತುಂಡು ರತ್ನಗಂಬಳಿಯನ್ನು ಹಾಸಿ, ಗೋಲಿಯನ್ನು ಎರಡನೆಯ ಜಾಗದಲ್ಲಿಯೇ ಇಟ್ಟು ಹೊಡೆಯಿರಿ. ಕಬ್ಬಿಣ ಗಂಬಳಿಯನ್ನು ಸವರಿ ಮೇಲೇಳುತ್ತದೆ, ದಾರಗಳು ಒಂದು ಕ್ಷಣ ಸಡಿಲವಾಗುತ್ತವೆ, ಗೋಲಿ ಓಡುತ್ತದೆ. ಸಡಿಲವಾದ ಆ ದಾರಗಳೇ ಆಟಗಾರನ ಮಣಿಕಟ್ಟು ಮೊಣಕೈಗಳು. ಒದ್ದೆಮರಳು ಮೇಜಿನಿಂದ ನೆಲಕ್ಕೆಲ್ಲ ಸಿಡಿಯುವುದರಿಂದ ಪ್ರಯೋಗಕ್ಕೆ ಮೊದಲು ಅಟೆಂಡರರ ಅನುಮತಿಯನ್ನು ಪಡೆಯುವುದು ಲೇಸೆಂದು ಅನುಭವದಿಂದ ಹೇಳುತ್ತೇವೆ.

ಇನ್ನು ಮಣಿಕಟ್ಟಿನ ನೋವಿನ ವಿಷಯ. ನಮ್ಮ ಅಭಿಪ್ರಾಯದಲ್ಲಿ ಆಟ ಕೆಡುವುದಕ್ಕಿಂತ ಹೆಚ್ಚಿನ ಚಿಂತೆಗೆ ಕಾರಣವಾದದ್ದು ಇದು. 35 ಮೀಟರು ವೇಗದಿಂದ 4 ಡಿಗ್ರಿ ಕೋನದಲ್ಲಿ ಇಳಿಯುವ ಕೋಲಿಗೆ ನೇರ ಕೆಳಮುಖವಾದ ವೇಗಾಂಶ ಸೆಕೆಂಡಿಗೆ ಸುಮಾರು 2.4 ಮೀಟರು. ಯಾವುದೇ ವಸ್ತು 30 ಸೆಂಟಿಮೀಟರು ಎತ್ತರದಿಂದ ಬಿದ್ದಾಗ ಪಡೆಯುವ ವೇಗ ಇಷ್ಟೇ. ಎಂದರೆ ಕಾಂಕ್ರೀಟಿನ ಮೇಲೆ ಹಾಸಿದ ಚಾಪೆಗೆ ಉಕ್ಕಿನ ತಲೆಯನ್ನು ಒಂದಡಿ ಎತ್ತರದಿಂದ ಬೀಳಿಸಿದಂತಾಯಿತು. ಇದು ದೊಡ್ಡ ಪೆಟ್ಟೇನಲ್ಲ. ಆದರೆ ಆಟಗಾರನು ಕೊಡಲಿಯಿಂದ ಕಡಿಯುವವನಂತೆ ಇನ್ನೂ ಕಡಿದಾಗಿ, 8 ಡಿಗ್ರಿಯಲ್ಲಿ, ಇಳಿಸಿದರೆ ಕೆಳಮುಖದ ವೇಗ ಇಮ್ಮಡಿಯಾಗುತ್ತದೆ. ಅದಕ್ಕೆ ಸಮನಾದ ಎತ್ತರ ನಾಲ್ಮಡಿಯಾಗಿ ನಾಲ್ಕಡಿಗೆ ಏರುತ್ತದೆ. ಹುಲ್ಲುನೆಲವಾದರೆ ಕೋಲನ್ನು ಒಳಕ್ಕೆ ಬಿಟ್ಟುಕೊಂಡು ಆ ಚಲನೆಯನ್ನು ಸಾವಕಾಶವಾಗಿ ನಿಲ್ಲಿಸುತ್ತದೆ. ಗಟ್ಟಿಚಾಪೆ ಕೆಲವೇ ಮಿಲಿಮೀಟರುಗಳಲ್ಲಿ ನಿಲ್ಲಿಸುತ್ತದೆ. ಕಾಲ ಕಡಮೆಯಾದಷ್ಟೂ ಬಲ ಹೆಚ್ಚೆಂಬುದು ನ್ಯೂಟನ್ನನ ನಿಯಮ. ಆ ಬಲ ಕೋಲಿನ ಕಾವಿನ ಮೂಲಕ ಬೆರಳು, ಮಣಿಕಟ್ಟು, ಮೊಣಕೈಗಳಿಗೆ ಏರುತ್ತದೆ. ದಿನಕ್ಕೆ ನೂರು ಹೊಡೆತ, ವಾರಕ್ಕೆ ಐದು ದಿನ, ನಾಲ್ಕು ತಿಂಗಳು ಎಂದು ಗುಣಿಸಿದರೆ ಎಂಟು ಸಾವಿರದ ಮೇಲಾಗುತ್ತದೆ! ಮೊಣಕೈಯ ಸ್ನಾಯುಬಂಧಗಳು ಬಾಧೆಗೊಳ್ಳುವುದೂ, ಅಂಗೈಯ ಬುಡದಲ್ಲಿರುವ ಹ್ಯಾಮೇಟ್ ಎಂಬ ಚಿಕ್ಕ ಎಲುಬಿನ ಕೊಕ್ಕೆ ಮುರಿಯುವುದೂ ಗಾಲ್ಫ್ ಆಟಗಾರರಲ್ಲಿ ವೈದ್ಯರು ಕಂಡಿರುವ ಸಂಗತಿಗಳೇ. ನಮ್ಮ ವಿದ್ಯಾರ್ಥಿಗೆ ಬರೆದ ಉತ್ತರದಲ್ಲಿ ಲೆಕ್ಕಕ್ಕಿಂತ ಮೊದಲು ನಾವು ಬರೆದದ್ದು, ಕೋಲನ್ನು ಕೆಳಗಿಟ್ಟು ವೈದ್ಯನಿಗೆ ಕೈಯನ್ನು ತೋರಿಸೆಂದು.

ಹಾಗಾದರೆ ಚಾಪೆಯನ್ನು ಸುಟ್ಟುಬಿಡಬೇಕೆ? ಹಾಗೆ ಹೇಳಲಾಗುವುದಿಲ್ಲ. ಗಾಲ್ಫಿನ ತೌರುಮನೆಯೆನಿಸಿದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರನ್ನೇ ನೋಡಿ. ಅದು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಏಳೇ ಗಂಟೆ. ಉಷ್ಣತೆ 5 ಅಥವಾ 6 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಹುಲ್ಲಿನ ಬೆಳೆವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಆಗ ಕೋಲಿನಿಂದಾದ ಗಾಯ ವಸಂತದವರೆಗೂ ಮಾಯುವುದಿಲ್ಲ. ಅದಕ್ಕಾಗಿ ಅಲ್ಲಿನ ಓಲ್ಡ್ ಕೋರ್ಸ್ ಎಂಬ ಪುರಾತನ ಕ್ರೀಡಾಂಗಣದಲ್ಲಿ, ಚಳಿಗಾಲದ ತಿಂಗಳುಗಳಲ್ಲಿ ಆಟಗಾರನು ಅಂಗೈಯಗಲದ ಒಂದು ಚಾಪೆಯ ತುಂಡನ್ನು ಜೊತೆಯಲ್ಲೊಯ್ದು, ಚೆಂಡನ್ನು ಅದರ ಮೇಲಿಟ್ಟು ಹೊಡೆಯುವ ಪದ್ಧತಿ ಬಂದಿದೆ. ಅಲ್ಲಿ ಚಾಪೆ ಕಾಯುವುದು ಹುಲ್ಲನ್ನು. ಜಪಾನಿನಲ್ಲಿ ಕಾರಣ ಬೇರೆ. ನೆಲವೇ ದುರ್ಲಭವಾದ ಆ ದೇಶದ ನಗರಗಳಲ್ಲಿ ಎರಡು ಮೂರು ಅಂತಸ್ತುಗಳ ಅಭ್ಯಾಸಗೃಹಗಳಿದ್ದು, ಅಲ್ಲಿ ವರ್ಷವೆಲ್ಲ ಚಾಪೆಯೇ ಗತಿ. ಮೇಲಾಗಿ, ಟೀ ಎಂಬ ಮೊಳೆಯ ಮೇಲೆ ಚೆಂಡನ್ನು ಎತ್ತಿಟ್ಟು ಡ್ರೈವರ್ ಎಂಬ ಉದ್ದಕೋಲಿನಿಂದ ಹೊಡೆಯುವಾಗ ಕೋಲು ನೆಲವನ್ನು ಮುಟ್ಟುವುದೇ ಇಲ್ಲ. ಅದರ ಅಭ್ಯಾಸಕ್ಕೆ ಚಾಪೆಯಾದರೂ ಒಂದೇ, ಹುಲ್ಲಾದರೂ ಒಂದೇ. ಇತ್ತೀಚೆಗೆ ಉದ್ದವಾದ, ಒತ್ತಾದ, ನೆಟ್ಟಗೆ ನಿಂತ ಎಳೆಗಳ ಚಾಪೆಗಳೂ, ಪೆಟ್ಟಿಗೆ ಹಿಂದುಮುಂದಾಗಿ ಸರಿಯುವ ಚಾಪೆಗಳೂ ಬಂದಿವೆ. ಅವು ಕೋಲಿಗೆ ಅಷ್ಟಿಷ್ಟು ಎಡೆಕೊಡುತ್ತವೆ. ಬೆಲೆಯೂ ಅದಕ್ಕೆ ತಕ್ಕಂತಿದೆ.

ಅಗ್ಗದ ಚಾಪೆಯಿಂದಲೂ ನಿಜವನ್ನು ಹೇಳಿಸುವ ಉಪಾಯವುಂಟು. ಚೆಂಡಿಗಿಂತ ಒಂದು ಗೇಣಿನಷ್ಟು ಹಿಂದೆ ಮಡಿಸಿದ ತೆಳ್ಳನೆಯ ಟವಲೊಂದನ್ನು ಇಡಬೇಕು. ಸರಿಯಾಗಿ ಇಳಿದ ಕೋಲು ಆ ಜಾಗದಲ್ಲಿ ಟವಲಿನ ಮೇಲಿಂದ ದಾಟಿಹೋಗುವಷ್ಟು ಎತ್ತರದಲ್ಲಿರುತ್ತದೆ. ಹಿಂದೆ ಬಿದ್ದ ಕೋಲು ಟವಲನ್ನು ಎಳೆದುಕೊಂಡು ಬರುತ್ತದೆ. ಇಲ್ಲವೆ ಚೆಂಡಿನ ಸುತ್ತ ಸೀಮೆಸುಣ್ಣದ ಪುಡಿಯನ್ನು ಉದುರಿಸಿ, ಹೊಡೆದ ಮೇಲೆ ಪುಡಿ ಎಲ್ಲಿಂದ ಎಲ್ಲಿಯವರೆಗೆ ಅಳಿಸಿದೆಯೆಂದು ನೋಡಬಹುದು. ಚೆಂಡು ಎಲ್ಲಿಗೆ ಹೋಯಿತೆಂಬುದನ್ನು ಆಗ ನೋಡಬಾರದು. ಇದು ಎಲ್ಲಕ್ಕಿಂತ ಕಷ್ಟವಾದ ನಿಯಮವಿರಬೇಕು.

ನಮ್ಮ ನಾಡಿನಲ್ಲಿ ಚಳಿ ಹುಲ್ಲನ್ನು ನಿಲ್ಲಿಸುವುದಿಲ್ಲ. 1876ರಷ್ಟು ಹಿಂದೆ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನವರಿಗೆ ಹಿಮದ ಕಾಟವಿಲ್ಲ. ಆದರೆ ಚಾಪೆಯ ಪ್ರಭಾವವನ್ನು ನಮ್ಮಲ್ಲಿ ಕ್ರಿಕೆಟ್ ಆಡಿದವರು ಬಲ್ಲರು. ತೆಂಗಿನ ನಾರಿನ ಮ್ಯಾಟಿಂಗ್ ಬಿಗಿದ ಪಿಚ್ಚಿನಲ್ಲಿ ಚೆಂಡು ಹೆಚ್ಚಾಗಿ ತಿರುಗುತ್ತದೆ, ಹೆಚ್ಚಾಗಿ ಪುಟಿಯುತ್ತದೆ. 1956ರಲ್ಲಿ ಕರಾಚಿಯ ಮ್ಯಾಟಿಂಗಿನ ಮೇಲೆ ಆಡಿದ ಆಸ್ಟ್ರೇಲಿಯ ತಂಡ ಮೊದಲ ಸರದಿಯಲ್ಲಿ 80 ರನ್ನುಗಳಿಗೆ ಉರುಳಿತು. ಫಜಲ್ ಮಹಮೂದ್ ಆ ಟೆಸ್ಟಿನಲ್ಲಿ 13 ವಿಕೆಟ್ಟುಗಳನ್ನು ಕೆಡವಿದನು. ಹುಲ್ಲಿನ ಮೇಲೆ ಕಲಿತವರು ಚಾಪೆಯ ಮೇಲೆ ತಡವರಿಸಿದರು. ಎಡ್ಮಂಟನ್ನಿನಲ್ಲಿ ಆದದ್ದು ಇದರ ತಿರುವುಮುರುವು. ಒಂದು ಭೇದವನ್ನು ಮಾತ್ರ ಗಮನಿಸಬೇಕು: ಕರಾಚಿಯ ಚಾಪೆ ಆಟಗಾರರ ಕೊರತೆಯನ್ನು ಆಡಿ ತೋರಿಸಿತು, ಎಡ್ಮಂಟನ್ನಿನ ಚಾಪೆ ಮುಚ್ಚಿಟ್ಟಿತು.

ಆಗಸ್ಟಿನಲ್ಲಿ ಎರಡನೆಯ ಪತ್ರ ಬಂದಿತು. ವೈದ್ಯರು ಎಲುಬು ಮುರಿದಿಲ್ಲವೆಂದು ಹೇಳಿ ಆರು ವಾರ ವಿಶ್ರಾಂತಿಯನ್ನು ವಿಧಿಸಿದ್ದರಂತೆ. ಆ ಮೇಲೆ ಅವನು ಹಳೆಯ ಅಭ್ಯಾಸಗೃಹಕ್ಕೆ ಹೋಗಿ, ಟವಲನ್ನಿಟ್ಟು, ಮೆಲ್ಲಮೆಲ್ಲನೆ ಐವತ್ತು ಚೆಂಡುಗಳನ್ನು ಹೊಡೆದು ನೋಡಿದನು. ಮೂವತ್ತೊಂದು ಸಲ ಟವಲು ಕೋಲಿನೊಡನೆ ಬಂದಿತು. ಆ ಮೂವತ್ತೊಂದರಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ಹೊಡೆತಗಳು, ಟವಲಿಲ್ಲದಿದ್ದರೆ, ತನಗೆ ಚೆನ್ನಾಗಿಯೇ ತೋರುತ್ತಿದ್ದುವೆಂದು ಬರೆದಿದ್ದಾನೆ. ನಾಲ್ಕು ತಿಂಗಳಲ್ಲಿ ಕೂಡಿಕೊಂಡ ರೂಢಿಯನ್ನು ಬಿಡಿಸಲು ಎಷ್ಟು ತಿಂಗಳು ಬೇಕೆಂದೂ ಕೇಳಿದ್ದಾನೆ. ಅದಕ್ಕೆ ನಮ್ಮ ಶಾಸ್ತ್ರದಲ್ಲಿ ಸೂತ್ರವಿಲ್ಲವೆಂದೂ, ಟವಲಿನ ಲೆಕ್ಕವನ್ನು ತಿಂಗಳಿಗೊಮ್ಮೆ ಬರೆದು ಕಳುಹಿಸಬೇಕೆಂದೂ ಉತ್ತರ ಬರೆದಿದ್ದೇವೆ.